ಮಗ್ಗದವರ ಮುಂದೆ ಪೆನ್ಸಿಲ್ ಇಟ್ಟಾಗ

ಕಮತಗಿಯ ನೇಕಾರರ ಓಣಿಯಲ್ಲಿ ಹೀಗೊಂದು ಮನೆ ಇದೆಯೆಂದು ಇಟ್ಟುಕೊಳ್ಳಿ. ಯಜಮಾನರಿಗೆ ಲಕ್ವಾ ಹೊಡೆದು ಆರು ತಿಂಗಳಾಗಿದೆ. ಸೊಟ್ಟಗಾಗಿದ್ದ ಬಾಯಿ ನೆಟ್ಟಗಾಯಿತು, ಕೈಗೆ ಬಲ ಬಂತು, ನಡಿಗೆ ಸುಧಾರಿಸಿತು. ಮತ್ತೆ ಕುಣಿ ಮಗ್ಗಕ್ಕೆ ಇಳಿದಿದ್ದಾರೆ. ಲಾಳಿ ಓಡುತ್ತದೆ, ಕಾಲು ತುಳಿಯುತ್ತದೆ. ಆದರೆ ಎಷ್ಟು ಎಳೆ ಆಯಿತೆಂಬುದು ನಡುವೆಯೇ ಮರೆತುಹೋಗುತ್ತದೆ. ವರ್ಷಗಟ್ಟಲೆ ಮಾತಾಡುತ್ತಲೇ ನೇಯ್ದ ತೆನಿ ಸೆರಗನ್ನು ಈಗ ಬಿಚ್ಚಿ ಬಿಚ್ಚಿ ನೇಯಬೇಕಾಗಿದೆ. ಸ್ಕ್ಯಾನ್ ನೋಡಿದ ಡಾಕ್ಟರು ಗಾಯ ಸಣ್ಣದು ಅನ್ನುತ್ತಾರೆ. ಹಾಗಾದರೆ ಲೆಕ್ಕ ತಪ್ಪುವುದೇಕೆ? ಆ ಪ್ರಶ್ನೆಗೆ ಉತ್ತರ ಹುಡುಕಲು ಅವರು ಚೀಟಿಯಲ್ಲಿ ಬರೆದುಕೊಟ್ಟಿದ್ದು ನ್ಯೂರೋಸೈಕಾಲಜಿ ಅಸೆಸ್‌ಮೆಂಟ್.

ಚೀಟಿ ಕೈಗೆ ಬಂದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆಗಳು ಬಹುತೇಕ ಒಂದೇ. "ಮತ್ತೊಂದು ಸ್ಕ್ಯಾನ್ ಏನ್ರಿ ಇದು? ಕರೆಂಟ್ ಕೊಡತಾರ? ತಲಿ ಕೆಟ್ಟೈತಿ ಅಂತ ಬರದು ಕೊಟ್ಟರ ಮುಂದ ಹೆಂಗ?"

ಮೂರಕ್ಕೂ ಉತ್ತರ ಒಂದೇ: ಅಂಥದ್ದೇನೂ ಇಲ್ಲ. ಸೂಜಿ ಚುಚ್ಚುವುದಿಲ್ಲ, ಯಂತ್ರದೊಳಗೆ ಮಲಗಿಸುವುದಿಲ್ಲ, ತಲೆಗೆ ತಂತಿ ಹಚ್ಚುವುದಿಲ್ಲ. ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಕಾಗದ, ಪೆನ್ಸಿಲ್, ಸ್ಟಾಪ್‌ವಾಚ್, ಬಣ್ಣದ ಮರದ ತುಂಡುಗಳು, ಚಿತ್ರಗಳ ಪುಸ್ತಕ. ಎದುರಿಗೆ ಕೂರುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಎಂಆರ್‌ಐ ಎಂದರೆ ಮಗ್ಗದ ಫೋಟೋ. ಯಾವ ಕಟ್ಟಿಗೆ ಮುರಿದಿದೆ ಎಂದು ಅದು ತೋರಿಸುತ್ತದೆ. ಈ ಪರೀಕ್ಷೆ ಆ ಮಗ್ಗದ ಮೇಲೆ ಗೇಣುದ್ದ ನೇಯಿಸಿ ನೋಡುವ ಕೆಲಸ. ಫೋಟೋದಲ್ಲಿ ಚೆನ್ನಾಗಿ ಕಂಡದ್ದು ನೇಯುವಾಗ ತೊಡರಬಹುದು, ಮುರಿದಂತೆ ಕಂಡದ್ದು ನಡೆದೇ ಬಿಡಬಹುದು.

ಕೊನೆಯ ಪ್ರಶ್ನೆಯ ಹಿಂದಿರುವ ಹೆದರಿಕೆ ಮಾತ್ರ ಸುಲಭಕ್ಕೆ ಹೋಗುವಂಥದ್ದಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆ ಹತ್ತೊಂಬತ್ತನೇ ಶತಮಾನದ್ದು. ಇವತ್ತು ಅದು ಡಿಮ್ಹಾನ್ಸ್ ಆಗಿ ಓದು, ಚಿಕಿತ್ಸೆ ಎರಡನ್ನೂ ನಡೆಸುತ್ತಿದ್ದರೂ "ಇವನ್ನ ಧಾರವಾಡಕ್ಕ ಕಳಸ್ರಿ" ಎಂಬ ಚೇಷ್ಟೆಯ ಮಾತು ನಮ್ಮ ಕಡೆ ಸತ್ತಿಲ್ಲ. ತಮಾಷೆಯೆಂದರೆ ಹುಚ್ಚೇಶ್ವರನ ಮಠವಿರುವ ಈ ಸೀಮೆಯಲ್ಲಿ ಹುಚ್ಚಪ್ಪ, ಹುಚ್ಚವ್ವ ಎಂದು ಮಕ್ಕಳಿಗೆ ಭಕ್ತಿಯಿಂದಲೇ ಹೆಸರಿಡುತ್ತಾರೆ. ಆಸ್ಪತ್ರೆಯ ಚೀಟಿ ಮಾತ್ರ ಯಾರ ಕಣ್ಣಿಗೂ ಬೀಳಬಾರದು!

ಇಂಥ ಪರೀಕ್ಷೆಗೆ ಕಳಿಸುವುದು ಒಂದೇ ಕಾರಣಕ್ಕಲ್ಲ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಆಗಬೇಕಾದವರು, ಗಡ್ಡೆ ತೆಗೆಸಿಕೊಂಡವರು, ಪಾರ್ಕಿನ್‌ಸನ್ ಇರುವವರು, ಓದಿನಲ್ಲಿ ಹಿಂದೆ ಬೀಳುವ ಮಕ್ಕಳು, ಅಂಗವೈಕಲ್ಯದ ಪ್ರಮಾಣಪತ್ರ ಬೇಕಾದವರು ಎಲ್ಲರೂ ಬರುತ್ತಾರೆ. ವಯಸ್ಸಾದವರ ಮರೆವಿನದ್ದು ದೊಡ್ಡ ಪಾಲು. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇರಬಹುದೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿತು. ನಗರಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಪ್ರಮಾಣ ಹೆಚ್ಚು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಮುಂದಿಟ್ಟುಕೊಂಡು ಇವರಲ್ಲಿ ಎಷ್ಟೋ ಜನರನ್ನು ನಾವು ಮನೆಯಲ್ಲೇ ಕೂರಿಸಿರುತ್ತೇವೆ. ಬಿ12 ಕೊರತೆ, ಥೈರಾಯಿಡ್ ತೊಂದರೆ, ಖಿನ್ನತೆ ಇವೂ ಮರೆವು ತರುತ್ತವೆ, ಇವಕ್ಕೆ ಔಷಧಿಯೂ ಇದೆ. ಈ ಗಾದೆಯಿಂದ ಆದ ನಷ್ಟದ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಪರೀಕ್ಷೆ ಶುರುವಾಗುವುದು ಮಾತಿನಿಂದ. ನನ್ನ ಪ್ರಕಾರ ಇಡೀ ದಿನದಲ್ಲಿ ಇದೇ ಮುಖ್ಯ ಭಾಗ. ನಮ್ಮವರು ಇದನ್ನು ಹೆಸರು, ಊರು ಬರೆಸುವ ಶಾಸ್ತ್ರವೆಂದುಕೊಂಡು ಗಡಿಬಿಡಿಯಲ್ಲಿ ಮುಗಿಸಿಬಿಡುತ್ತಾರೆ. ಎಷ್ಟನೇ ಇಯತ್ತೆವರೆಗೆ ಓದಿದಿರಿ, ಬಲಗೈಯೋ ಎಡಗೈಯೋ, ಮನೆಯಲ್ಲಿ ಯಾವ ಭಾಷೆ, ಏನು ಉದ್ಯೋಗ, ತೊಂದರೆ ಒಮ್ಮೆಲೇ ಬಂತೋ ನಿಧಾನವಾಗಿಯೋ, ನಿದ್ದೆ ಹೇಗಿದೆ, ಕುಡಿತ ಇದೆಯೋ, ಯಾವ ಗುಳಿಗೆ ನಡೆದಿದೆ ಎಂದೆಲ್ಲ ಕೇಳುತ್ತಾರೆ. ರೋಗಿಯನ್ನು ಕೇಳಿದ ಮೇಲೆ ಮನೆಯವರನ್ನು ಬೇರೆಯಾಗಿ ಕೂರಿಸಿ ಕೇಳುತ್ತಾರೆ. ಇಬ್ಬರ ಮಾತಿನ ನಡುವಿನ ಅಂತರವೇ ಅರ್ಧ ಕಥೆ ಹೇಳುತ್ತದೆ. "ನನಗೇನಾಗೇತಿ, ಚಲೋನ ಅದೀನಿ" ಎಂದು ಅಜ್ಜ ನಗುತ್ತಿರುವಾಗ ಸೊಸೆ ಕಣ್ಣೊರೆಸಿಕೊಂಡು ಬೇರೆಯೇ ಹೇಳಿದರೆ ಡಿಮೆನ್ಷಿಯಾದ ಅನುಮಾನ ಬಲವಾಗುತ್ತದೆ. "ನನಗ ಏನೂ ನೆನಪ ಉಳೀವಲ್ದು, ನಾ ಯಾತಕ್ಕೂ ಬರೂದಿಲ್ಲ" ಎಂದು ರೋಗಿಯೇ ಗೋಳಾಡುತ್ತ, ಕೇಳಿದ್ದಕ್ಕೆಲ್ಲ "ಗೊತ್ತಿಲ್ರಿ" ಎಂದು ಕೈಚೆಲ್ಲಿದರೆ ಖಿನ್ನತೆಯನ್ನೂ ಹುಡುಕಬೇಕಾಗುತ್ತದೆ.

ಈ ಮಾತುಕತೆಗೆ ಮನೆಯಿಂದ ತಯಾರಾಗಿ ಹೋಗಬೇಕು. ಮೊದಲು ವಾರಕ್ಕೆ ಎಷ್ಟು ಸೀರೆ ಇಳಿಯುತ್ತಿತ್ತು, ಈಗೆಷ್ಟು? ಕೂಲಿಯ ಲೆಕ್ಕ ಸಾಹುಕಾರರ ಜೊತೆ ಯಾರು ಮಾತಾಡುತ್ತಿದ್ದರು, ಈಗ ಯಾರು? ಅಮೀನಗಡದ ಸಂತೆಗೆ ಒಬ್ಬರೇ ಹೋಗಿ ಬರುತ್ತಾರೋ? ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಬೇಕು. ಆ ಕೊಂಡಿಯ ಕೆಲಸ ಅವರಿಂದ ಈಗಲೂ ಆಗುತ್ತದೋ? ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಲಕ್ವಾಕ್ಕೆ ಮುಂಚೆ ನೇಯ್ದ ಸೆರಗು, ಆಮೇಲೆ ನೇಯ್ದ ಸೆರಗು ಎರಡರ ಫೋಟೋ ಫೋನಿನಲ್ಲಿದ್ದರೆ ಇನ್ನೂ ಒಳ್ಳೆಯದು. ಪರೀಕ್ಷೆ ಅಳೆಯುವುದು ಇವತ್ತಿನ ಸ್ಥಿತಿಯನ್ನು. ಆ ಮನುಷ್ಯ ಮೊದಲು ಹೇಗಿದ್ದ ಎಂಬುದನ್ನು ಯಾವ ಮರದ ತುಂಡೂ ಹೇಳಲಾರದು, ಅದನ್ನು ನೀವೇ ಹೊತ್ತೊಯ್ಯಬೇಕು.

ಆಮೇಲೆ ಮನೆಯವರನ್ನು ಹೊರಗೆ ಕೂರಿಸಿ ಪರೀಕ್ಷೆ ಶುರುಮಾಡುತ್ತಾರೆ. ಎರಡರಿಂದ ನಾಲ್ಕು ತಾಸು ಹಿಡಿಯಬಹುದು. ದಣಿದರೆ ಚಹಾಕ್ಕೆ ಬಿಡುತ್ತಾರೆ, ಬೇಕಾದರೆ ಎರಡು ದಿನಕ್ಕೆ ಹಂಚುತ್ತಾರೆ.

ನೆನಪಿನ ಪರೀಕ್ಷೆ ಕೇಳಲು ಸರಳ. ಸಂಬಂಧವಿಲ್ಲದ 15 ಪದಗಳನ್ನು ಓದಿ ಹೇಳುತ್ತಾರೆ, ನೆನಪಿದ್ದಷ್ಟನ್ನು ಹೇಳಬೇಕು. ಅದೇ ಪಟ್ಟಿ ಹೀಗೆ ಐದು ಸಲ. ನಡುವೆ ಬೇರೆ ಪಟ್ಟಿಯೊಂದನ್ನು ತುರುಕಿ, ಮೊದಲನೆಯದನ್ನು ಮತ್ತೆ ಕೇಳುತ್ತಾರೆ. ಅರ್ಧ ತಾಸಿನಷ್ಟು ಬೇರೆ ಕೆಲಸ ಕೊಟ್ಟು ಮತ್ತೊಮ್ಮೆ. ಕೊನೆಗೆ ಪದಗಳನ್ನು ತಾವೇ ಹೇಳಿ "ಇದು ಪಟ್ಟಿಯೊಳಗ ಇತ್ತೋ ಇಲ್ಲೋ" ಅನ್ನುತ್ತಾರೆ. ಜಿನೀವಾದ ಆಂಡ್ರೆ ರೇ ಕಟ್ಟಿದ ಈ ಪರೀಕ್ಷೆಯನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ನಮ್ಮ ಜನಕ್ಕೆ ಹೊಂದಿಸಿಕೊಂಡಿದ್ದಾರೆ. ಎಷ್ಟು ಪದ ಎನ್ನುವುದಕ್ಕಿಂತ ಹೇಗೆ ತಪ್ಪಿತು ಎನ್ನುವುದನ್ನು ನೋಡುವ ಪರೀಕ್ಷೆ ಇದು. ತಾನಾಗಿ ಹೇಳಲಾಗದ ಪದವನ್ನು ಕೇಳಿದೊಡನೆ ಗುರುತು ಹಿಡಿದರೆ ನೆನಪು ಒಳಗೆ ಕೂತಿದೆ, ಹೊರಗೆ ತರಲು ಕಷ್ಟವಾಗುತ್ತಿದೆ ಎಂದರ್ಥ. ಗುರುತೂ ಸಿಗದಿದ್ದರೆ ಅದು ಒಳಗೆ ಇಳಿದೇ ಇಲ್ಲ. ಅಲ್ಜೈಮರ್‌ನಲ್ಲಿ ಸಾಮಾನ್ಯವಾಗಿ ಎರಡನೆಯ ಬಗೆ. ಮನೆಯಲ್ಲಿ ಎರಡೂ ಬರೀ ಮರೆವಾಗಿಯೇ ಕಾಣುತ್ತವೆ.

ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ? ಅಂಕಿಗಳನ್ನು ಹಿಂದುಮುಂದಾಗಿ ಹೇಳಿರಿ. ಈ ಆಕೃತಿಯನ್ನು ನೋಡಿ ಬರೆಯಿರಿ, ಈಗ ನೋಡದೆ ಬರೆಯಿರಿ. ಮರದ ತುಂಡುಗಳಿಂದ ಚಿತ್ರದಲ್ಲಿದ್ದಂತೆ ಜೋಡಿಸಿರಿ. ಮುಷ್ಟಿ, ಅಂಗೈಯಂಚು, ಅಂಗೈ ಎಂದು ಮೂರು ಬಗೆಯಲ್ಲಿ ಸರದಿಯಾಗಿ ಮೇಜು ಬಡಿಯಿರಿ. ಈ ಕೊನೆಯದು ರಷ್ಯಾದ ಅಲೆಕ್ಸಾಂಡರ್ ಲೂರಿಯಾ ಬಳಕೆಗೆ ತಂದದ್ದು. ಹಣೆಯ ಹಿಂದಿನ ಮೆದುಳಿಗೆ ಪೆಟ್ಟಾದವರು ಸರದಿ ತಪ್ಪಿ ಮುಷ್ಟಿಯನ್ನೇ ಬಡಿಯುತ್ತ ಉಳಿಯುತ್ತಾರೆ. ಹಾಳೆಯ ತುಂಬ ಇರುವ ಗೆರೆಗಳನ್ನು ಹೊಡೆದುಹಾಕಿ ಎಂದಾಗ ಕೆಲವರು ಬಲಬದಿಯವನ್ನು ಮಾತ್ರ ಹೊಡೆದು "ಮುಗೀತ್ರಿ" ಅನ್ನುತ್ತಾರೆ. ಮೆದುಳಿನ ಬಲಭಾಗದ ಲಕ್ವಾದಲ್ಲಿ ಎಡದ ಜಗತ್ತೇ ಗಮನಕ್ಕೆ ಬರದೆ ಹೋಗುವುದುಂಟು. ಮನೆಯಲ್ಲಿ ಇದು ಹೇಗೆ ಕಾಣುತ್ತದೆಂದರೆ, ತಾಟಿನ ಬಲಕ್ಕಿದ್ದ ರೊಟ್ಟಿ ಮುಗಿದಿರುತ್ತದೆ, ಎಡಕ್ಕಿದ್ದ ಪಲ್ಯ ಮುಟ್ಟಿರುವುದಿಲ್ಲ. ಸೀರೆಯ ಎಡದಡಿಯ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಕಣ್ಣು ಚೆನ್ನಾಗಿದೆ ಎಂದು ಕಳಿಸುತ್ತಾರೆ.

ಪ್ರಶ್ನೆಗಳು ಹೋಗಹೋಗುತ್ತ ಕಠಿಣವಾಗುತ್ತವೆ. ಎಲ್ಲಿ ನಿಲ್ಲುತ್ತೀರಿ ಎಂದು ನೋಡುವುದೇ ಉದ್ದೇಶವಾದ್ದರಿಂದ ಎಲ್ಲರೂ ಎಲ್ಲಾದರೂ ಸೋಲುತ್ತಾರೆ. ಸರಿಯೋ ತಪ್ಪೋ ಎಂದು ಎದುರಿಗಿದ್ದವರು ಹೇಳುವುದಿಲ್ಲ, ಮುಖದಲ್ಲೂ ತೋರಿಸುವುದಿಲ್ಲ. ಇದನ್ನು ಮೊದಲೇ ತಿಳಿಸದೆ ಕರೆದೊಯ್ದರೆ ಅಜ್ಜಂದಿರು ಹೊರಬಂದು "ಆ ಬಾಯಾರು ನನ್ನ ಮ್ಯಾಲ ಸಿಟ್ಟಾದ್ರು" ಎಂದು ಮುಖ ಸಣ್ಣ ಮಾಡಿಕೊಂಡು ಕೂರುತ್ತಾರೆ.

ಇಲ್ಲಿಂದ ಮುಂದಿನದು ನಮ್ಮ ಸೀಮೆಯ ಖಾಸಾ ತೊಡಕು. ಈ ಪರೀಕ್ಷೆಗಳಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು ಶಾಲೆಗೆ ಹೋದ ಜನರಿರುವ ದೇಶಗಳಲ್ಲಿ. ಏಳನೇ ವಯಸ್ಸಿಗೆ ಕಂಡಿಕೆ ಸುತ್ತಲು ಕೂತ ಅಜ್ಜಿಯ ಕೈಗೆ ಎಪ್ಪತ್ತರಲ್ಲಿ ಪೆನ್ಸಿಲ್ ಕೊಟ್ಟು ಗಡಿಯಾರ ಬರೆಯಿರಿ ಎಂದರೆ ಆಕೆಯ ಬೆರಳಿಗೆ ಹಿಡಿತವೇ ಗೊತ್ತಿಲ್ಲ. ನೂರರಲ್ಲಿ ಏಳು ಕಳೆಯುತ್ತ ಹೋಗಿ ಎಂದರೆ ತಡವರಿಸುವ ಅದೇ ಅಜ್ಜಿ ಹಾಸಿನ ಎಳೆಗಳನ್ನು ತಪ್ಪಿಲ್ಲದೆ ಎಣಿಸುತ್ತಾಳೆ. ಇವತ್ತು ಎಷ್ಟು ತಾರೀಖು ಎಂದರೆ ಹೇಳಲಾರಳು, ಅಮಾಸಿ ಆಗಿ ಎಷ್ಟು ದಿನ ಎಂದರೆ ಥಟ್ಟನೆ ಹೇಳುತ್ತಾಳೆ.

ಲೂರಿಯಾಗೆ ಈ ತೊಡಕು 1931–32ರಲ್ಲೇ ಎದುರಾಗಿತ್ತು. ಉಜ್ಬೆಕಿಸ್ತಾನದ ಅನಕ್ಷರಸ್ಥ ರೈತರ ಮುಂದೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿಯ ಚಿತ್ರ ಇಟ್ಟು ಸೇರದ್ದು ಯಾವುದೆಂದು ಕೇಳಿದ. ದಿಮ್ಮಿ ಎಂಬ ಉತ್ತರ ಬರಬೇಕಿತ್ತು. ದಿಮ್ಮಿ ಇಲ್ಲದೆ ಗರಗಸದಿಂದ ಏನು ಮಾಡಲಿ, ನಾಲ್ಕೂ ಬೇಕು ಎಂದರು ರೈತರು. ಲಾಳಿ, ಕಂಡಿಕೆ, ಹಣಿಗೆ, ನೂಲು ನಾಲ್ಕನ್ನಿಟ್ಟು ಕಮತಗಿಯಲ್ಲಿ ಕೇಳಿ ನೋಡಿ, ಬೇರೆ ಉತ್ತರ ಬಂದೀತೆಂದು ನನಗನಿಸುವುದಿಲ್ಲ. ಬುದ್ಧಿ ಕಡಿಮೆಯಾಗಿ ಬಂದ ಉತ್ತರವಲ್ಲ ಅದು. ವಸ್ತುಗಳನ್ನು ಜಾತಿ ಮಾಡಿ ಬೇರ್ಪಡಿಸುವುದು ಶಾಲೆ ಕಲಿಸುವ ಚಟ, ಜೊತೆಗಿಟ್ಟು ಬಳಸುವುದು ದುಡಿಮೆ ಕಲಿಸಿದ್ದು.

ಹೀಗಾಗಿ ಶಾಲೆ ಕಂಡಿರದ ರೋಗಿಯ ಅಂಕವನ್ನು ಯಾರ ಅಂಕದೊಡನೆ ಹೋಲಿಸಿದರು ಎಂಬುದು ದೊಡ್ಡ ಪ್ರಶ್ನೆ. ಬೆಂಗಳೂರಿನ ನಿಮ್ಹಾನ್ಸ್‌ನ ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರ್ 2004ರಲ್ಲಿ ಹೊರತಂದ ಪರೀಕ್ಷಾ ಸಂಪುಟ ಇಲ್ಲಿ ನಮ್ಮ ಕೈಹಿಡಿಯುತ್ತದೆ. 16ರಿಂದ 65 ವಯಸ್ಸಿನ ಆರೋಗ್ಯವಂತರನ್ನು ಪರೀಕ್ಷಿಸಿ, ವಯಸ್ಸು, ಗಂಡು ಹೆಣ್ಣು, ಓದು ಎಂದು ವಿಂಗಡಿಸಿ ಅವರು ಅಳತೆಗಳನ್ನು ಕಟ್ಟಿದರು. ಓದಿನ ಲೆಕ್ಕದಲ್ಲಿ ಅಕ್ಷರ ಬಾರದವರದ್ದೇ ಒಂದು ಗುಂಪು, ಶಾಲೆ ಓದಿದವರದ್ದು ಒಂದು, ಕಾಲೇಜಿನವರದ್ದು ಇನ್ನೊಂದು. ತನ್ನ ಗುಂಪಿನ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಕೆಳಗಿನ 15ರೊಳಗೆ ಬಿದ್ದವರ ಅಂಕವನ್ನು ಮಾತ್ರ ಕೊರತೆ ಎನ್ನುತ್ತಾರೆ. ಆರೋಗ್ಯವಾಗಿರುವ ನೂರರಲ್ಲಿ ಹದಿನೈದು ಜನ ಆ ಗೆರೆಯ ಕೆಳಗೇ ಇರುತ್ತಾರೆಂಬುದೂ ಇದರಲ್ಲೇ ಇದೆ. ಒಂದು ಪರೀಕ್ಷೆಯ ಒಂದು ಅಂಕ ಕಡಿಮೆ ಬಂದರೆ ಅದು ರೋಗವಲ್ಲ. ಒಂದೇ ಕಡೆ ಕೈ ತೋರಿಸುವ ಹಲವು ಅಂಕಗಳು ಬೇಕು.

65 ದಾಟಿದವರಿಗೆ ಬೇರೆ ಪರೀಕ್ಷೆಗಳಿವೆ. ಅಮೆರಿಕದಲ್ಲಿ 1975ರಲ್ಲಿ ಬಂದ 30 ಅಂಕದ ಮಿನಿ ಮೆಂಟಲ್ ಪರೀಕ್ಷೆಯಲ್ಲಿ ಓದಿ ಮಾಡುವ, ಬರೆದು ತೋರಿಸುವ ಪ್ರಶ್ನೆಗಳಿದ್ದವು. ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ 1995ರ ಹೊತ್ತಿಗೆ ಅದನ್ನು ಬದಲಿಸಿದರು. ಇಂಗ್ಲಿಷ್ ಪದವನ್ನು ತಿರುವಿ ಹೇಳುವ ಬದಲು ವಾರಗಳನ್ನು ತಿರುವಿ ಹೇಳುವುದು, ಓದಿ ಕಣ್ಣು ಮುಚ್ಚುವ ಬದಲು ಎದುರಿನವರನ್ನು ನೋಡಿ ಕಣ್ಣು ಮುಚ್ಚುವುದು, ಹೀಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಈಚೆಗೆ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಒಂದೇ ಬಗೆಯ ಪರೀಕ್ಷೆಗಳ ಕಟ್ಟು ತಯಾರಿಸಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರ ಮೆದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಹಿಂಬಾಲಿಸುವ ಕೆಲಸವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಕೋಲಾರದ ರೈತ ಕಮತಗಿಯ ನೇಕಾರನಲ್ಲ, ನಿಜ. ಆದರೂ ನ್ಯೂಯಾರ್ಕಿನ ಗುಮಾಸ್ತನಿಗಿಂತ ನಮಗೆ ಹತ್ತಿರದವನು.

ಮಕ್ಕಳ ವಿಷಯ ಸ್ವಲ್ಪ ಬೇರೆ. ಅಲ್ಲಿ ಧಾರವಾಡಕ್ಕೊಂದು ಹಳೆಯ ಹೆಗ್ಗಳಿಕೆಯಿದೆ. ಫ್ರಾನ್ಸಿನ ಬಿನೆ ಕಟ್ಟಿದ ಬುದ್ಧಿಮಾಪನವನ್ನು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ.ವಿ. ಕಾಮತ್. ಧಾರವಾಡದ ಕಡೆಯ ಮಕ್ಕಳನ್ನು ಕೂರಿಸಿ ಅಳತೆ ಹಾಕಿದ ಆ ಬಿನೆ–ಕಾಮತ್ ಪರೀಕ್ಷೆ ಈಗಲೂ ದೇಶದ ಎಷ್ಟೋ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ. ಹೆಮ್ಮೆಪಡಬೇಕಾದ್ದೇ. ಆದರೆ ಮುತ್ತಜ್ಜನ ಕಾಲದ ಮಕ್ಕಳ ಅಳತೆಯಲ್ಲಿ ಮೊಬೈಲ್ ಕಾಲದ ಮಗುವನ್ನು ತೂಗಿದರೆ ತಕ್ಕಡಿ ಸರಿ ಇದ್ದೀತೇ? ಹಳೆಯ ಅಳತೆಗಳು ಇಂದಿನ ಮಕ್ಕಳ ಅಂಕವನ್ನು ಮೇಲಕ್ಕೆ ತೋರಿಸುವುದು ಪ್ರಪಂಚದಾದ್ಯಂತ ಕಂಡಿರುವ ಸಂಗತಿ. ನೆರವು ಸಿಗಬೇಕಾದ ಮಗುವೇ ಗೆರೆಯ ಆಚೆ ಉಳಿಯುವ ಅಪಾಯ ಅದರಲ್ಲಿದೆ. ಮಗುವಿನ ಪ್ರಮಾಣಪತ್ರಕ್ಕೆ ಹೋದಾಗ ಯಾವ ಪರೀಕ್ಷೆ ಮಾಡಿದಿರಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಭಾಷೆಯನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಮನೆಯ ಮಾತು ಉರ್ದುವೋ, ತೆಲುಗೋ, ಲಂಬಾಣಿಯೋ ಆಗಿದ್ದರೆ ಹೇಳಿ. ಕನ್ನಡವೇ ಆದರೂ ನಮ್ಮ ಕನ್ನಡ ಬೇರೆ ತಾನೇ? ಚಿತ್ರ ತೋರಿಸಿದಾಗ ಅಜ್ಜಿ ಕಡಲೆಕಾಯಿ ಎನ್ನದೆ ಶೇಂಗಾ ಅಂದರೆ ಅದು ಸರಿಯುತ್ತರ. ಆಡುವ ಭಾಷೆಗಳ ಸಂಖ್ಯೆಯನ್ನು ಕೇಳುವುದಕ್ಕೂ ಕಾರಣವಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸ ಇತ್ತು.

ಹೋಗುವ ದಿನದ ಸಂಗತಿಗಳು. ರಾತ್ರಿ ಬಸ್ಸಿಗೆ ಹತ್ತಿ ಬೆಳಗ್ಗೆ ಬೆಂಗಳೂರಿಗಿಳಿದು ನೇರ ಪರೀಕ್ಷೆಗೆ ಕೂರಿಸಬೇಡಿ. ನಿದ್ದೆಗೆಟ್ಟ ಮೆದುಳು ಯಾರದ್ದಾದರೂ ಮಂಕೇ. ಒಂದು ದಿನ ಮುಂಚೆ ಹೋಗಿ ಉಳಿಯಿರಿ. ರಕ್ತಪರೀಕ್ಷೆಯಂತೆ ಹಸಿದು ಹೋಗಬೇಕಿಲ್ಲ, ನಾಷ್ಟಾ ಮಾಡಿಸಿ. ಕನ್ನಡಕ, ಕಿವಿಯ ಮಷೀನು ಮರೆತರೆ ಅರ್ಧ ಪರೀಕ್ಷೆ ಹಾಳು. ಮೂರ್ಛೆಯ ಗುಳಿಗೆಯಾಗಲಿ, ಬಿಪಿ, ಶುಗರಿನದಾಗಲಿ ನೀವಾಗಿ ನಿಲ್ಲಿಸಬಾರದು. ಗುಳಿಗೆಗಳ ಚೀಟಿ, ಸ್ಕ್ಯಾನಿನ ಕಾಗದ ಜೊತೆಗಿರಲಿ. ಒಂದೇ ಮನೆಯಲ್ಲಿ ಇರುವವರು ಜೊತೆಗೆ ಬರಬೇಕು. ಪುಣೆಯಿಂದ ರಜೆ ಹಾಕಿ ಬಂದ ಮಗನಿಗಿಂತ ದಿನಾ ರೊಟ್ಟಿ ಬಡಿಸುವ ಸೊಸೆಗೆ ಹೆಚ್ಚು ಗೊತ್ತಿರುತ್ತದೆ. "ಯಪ್ಪಗ ಮುಂಜಾನಿಂದ ತಾರೀಖು ಕಲಿಸ್ಕೋತ ಬಂದೀನ್ರಿ" ಎನ್ನುವ ಮಕ್ಕಳಿಗೆ ಏನು ಹೇಳುವುದು! ಕಲಿಸಿದ ಉತ್ತರದಿಂದ ಡಾಕ್ಟರು ಮೋಸಹೋಗುವುದು ಎಷ್ಟೋ, ಅಪ್ಪನ ಚಿಕಿತ್ಸೆ ತಡವಾಗುವುದಂತೂ ಖಂಡಿತ.

ಎಲ್ಲಿಗೆ ಹೋಗುವುದು? ಮೊದಲ ಹೆಜ್ಜೆ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದರ ಮೊದಲ ಮಾದರಿ ದೇಶದಲ್ಲಿ ರೂಪುಗೊಂಡದ್ದೇ ನಮ್ಮ ಹತ್ತಿರದ ಬಳ್ಳಾರಿಯಲ್ಲಿ, 1985ರ ಸುಮಾರಿಗೆ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವೂ ಜಿಲ್ಲಾ ಆಸ್ಪತ್ರೆಗಳ ಮೂಲಕವೇ ಜನರನ್ನು ತಲುಪಲು ಹೊರಟದ್ದು. ಅಲ್ಲಿ ಹತ್ತು ಹದಿನೈದು ನಿಮಿಷದ ಪ್ರಾಥಮಿಕ ಪರೀಕ್ಷೆ ಆದೀತು. ಅದನ್ನೇ ಪೂರ್ತಿ ಪರೀಕ್ಷೆಯೆಂದು ತಿಳಿಯಬೇಡಿ. ತಾಸುಗಟ್ಟಲೆಯ ಪರೀಕ್ಷೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಇಲ್ಲವೇ ಕ್ಲಿನಿಕಲ್ ಸೈಕಾಲಜಿಸ್ಟ್ ಇರುವ ದೊಡ್ಡ ಆಸ್ಪತ್ರೆ. ಖಾಸಗಿಯಾದರೆ ಅವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇದೆಯೇ ಎಂದು ಕೇಳಿ. ಕೌನ್ಸೆಲಿಂಗ್ ಬೋರ್ಡು ಹಾಕಿದವರೆಲ್ಲ ಈ ಕೆಲಸ ಕಲಿತವರಲ್ಲ. ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ವರದಿ ಅದೇ ದಿನ ಸಿಗುವುದು ಅಪರೂಪ. ಸಿಕ್ಕಾಗ ಅದರಲ್ಲಿ ಅಂಕಿಗಳೂ ಇಂಗ್ಲಿಷೂ ತುಂಬಿರುತ್ತವೆ. ಕಾಗದ ಮಡಚಿ ಜೇಬಿಗಿಡುವ ಮುನ್ನ ಬರೆದವರ ಎದುರು ಕೂತು ಕನ್ನಡದಲ್ಲಿ ಹೇಳಿಸಿಕೊಳ್ಳಿ: ಯಾವುದು ಕೆಟ್ಟಿದೆ, ಯಾವುದು ಚೆನ್ನಾಗಿ ಉಳಿದಿದೆ, ಬೈಕ್ ಓಡಿಸಬಹುದೋ, ದುಡ್ಡಿನ ವ್ಯವಹಾರ ಒಬ್ಬರಿಗೇ ಬಿಡಬಹುದೋ, ಮಗ್ಗಕ್ಕೆ ಕೂರಬಹುದೋ. ಉಳಿದದ್ದರ ಮೇಲೆ ಕೆಲಸ ಕಟ್ಟಿಕೊಳ್ಳಬೇಕಾದ್ದರಿಂದ ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ಗಮನ ಬೇಗ ಸೋರುತ್ತದೆಂದು ಬಂದರೆ ಒಂದೇ ಸಮನೆ ಕೂರುವ ಬದಲು ಸಣ್ಣ ಸಣ್ಣ ಸರದಿಯಲ್ಲಿ ನೇಯಬಹುದು, ಎಣಿಕೆಯನ್ನು ತಲೆಯಲ್ಲಿಟ್ಟುಕೊಳ್ಳದೆ ಸೀಮೆಸುಣ್ಣದಿಂದ ಗೋಡೆಗೆ ಗೀಟು ಹಾಕಬಹುದು, ಸೆರಗನ್ನು ಮಗನಿಗೆ ಬಿಟ್ಟು ಮೈ ತಾವು ನೇಯಬಹುದು.

ಸಾಮಾನ್ಯವಾಗಿ ಆರು ತಿಂಗಳೋ ವರ್ಷವೋ ಕಳೆದ ಮೇಲೆ ಮತ್ತೆ ಬರಹೇಳುತ್ತಾರೆ. ತಿಂಗಳೊಳಗೆ ಇನ್ನೊಂದು ಊರಿಗೆ ಹೋಗಿ ಅದೇ ಪರೀಕ್ಷೆ ಮಾಡಿಸಿದರೆ ಪದಗಳು, ಚಿತ್ರಗಳು ರೂಢಿಯಾಗಿ ಅಂಕ ಸುಳ್ಳಾಗಿ ಏರಬಹುದು. ಮುಂದಿನ ಸಲ ಹೋಗುವಾಗ ಮೊದಲಿನ ವರದಿ ಕೈಯಲ್ಲಿರಲಿ. ಏರಿತೋ ಇಳಿಯಿತೋ ಎಂದು ಅದನ್ನು ಪಕ್ಕಕ್ಕಿಟ್ಟುಕೊಂಡೇ ಹೇಳಬೇಕು. ಒಂದು ಜೆರಾಕ್ಸ್ ತೆಗೆಸಿ ರೇಷನ್ ಕಾರ್ಡಿನ ಚೀಲದಲ್ಲಿ ಇಟ್ಟುಬಿಡಿ.